ಆಂಬುಲೆನ್ಸ್‌ಗೆ ದಾರಿ ತೋರುವಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾತ್ರಿ ಪಾಳಿಯ ಚಾಲಕರು ಕೀಲಿಕೈ ಒಪ್ಪಿಸಿ ಆಕಳಿಸುತ್ತ ಮನೆಗೆ ಹೊರಟಿದ್ದಾರೆ. ಆಂಬುಲೆನ್ಸ್ ಕೇಂದ್ರದ ಹಿಂಬದಿಯ ಕೋಣೆಯಲ್ಲಿ ನಡುವಯಸ್ಸು ದಾಟಿದ ಹೆಂಗಸೊಬ್ಬರು ಕನ್ನಡಕವನ್ನು ಹಣೆಗೇರಿಸಿ, ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಬಾಗಿದ್ದಾರೆ. ಕರೆ ಬಂದೊಡನೆ ಯಾವ ಗಾಡಿ ಯಾವ ಮನೆಗೆ ಓಡಬೇಕೆಂದು ಹೇಳುವ ಪ್ರೋಗ್ರಾಂನ ಉಸ್ತುವಾರಿ ಇವರದು. ಚಾಲಕರು ಇವರನ್ನು ಕರೆಯುವುದು ‘ದಾರಿಯಮ್ಮ’ ಎಂದು. ಸೈಕಲ್ ಕೂಡ ಓಡಿಸಲು ಬಾರದವರಿಗೆ ಈ ಹೆಸರೇ ಎಂದು ಅವರೇ ನಗುತ್ತಾರೆ.

ಈ ಪ್ರೋಗ್ರಾಂ ಬರೆದ ತಂಡದಲ್ಲಿ ಈಗ ಉಳಿದಿರುವುದು ಇವರೊಬ್ಬರೇ. ಮಿಕ್ಕವರು ಹೊಸದನ್ನು ಕಟ್ಟಲು ಬೇರೆ ಕಡೆ ಹೋದರು. ಹಳೆಯದರ ತೂತು ಮುಚ್ಚುವ ಕೆಲಸಕ್ಕೆ ಹೆಸರೂ ಇಲ್ಲ, ಹಾರವೂ ಇಲ್ಲ. “ಗಾಡಿ ಸರಿಯಾಗಿ ಹೋದ್ರೆ ಡ್ರೈವರ್ ಕರ್ಕೊಂಡು ಹೋದ. ದಾರಿ ತಪ್ಪಿದ್ರೆ ಪ್ರೋಗ್ರಾಂ ತಪ್ಪಿಸ್ತು. ಲೋಕ ಇರೋದೇ ಹಾಗೆ,” ಎನ್ನುತ್ತಾರೆ.

ಕಳೆದ ವರ್ಷ ಒಂದು ಮುಂಜಾನೆ ದಾರಿ ತಪ್ಪಿಯೇ ಬಿಟ್ಟಿತು. ಎದೆನೋವಿನಿಂದ ಒದ್ದಾಡುತ್ತಿದ್ದ ಗಣಿತದ ಮೇಷ್ಟ್ರೊಬ್ಬರ ಮನೆಗೆ ಹೋಗಬೇಕಿದ್ದ ಗಾಡಿ, ಅದೇ ಹೆಸರಿನ ಇನ್ನೊಂದು ಬೀದಿಯಲ್ಲಿ ನಿಂತಿತ್ತು. ಬೇರೆ ಗಾಡಿ ಧಾವಿಸಿದ್ದರಿಂದ ಮೇಷ್ಟ್ರು ಕೂದಲೆಳೆಯಲ್ಲಿ ಪಾರಾದರು. ಕಚೇರಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಮಾಡಿದ್ದು ಯಾರು? ದಾರಿಯಮ್ಮ ಅದಕ್ಕೆ ಕಿವಿಗೊಡಲಿಲ್ಲ. ಹಿಂದಿನ ದಿನದ ಬದಲಾವಣೆಯನ್ನು ತೆಗೆದು, ಹಳೆಯ ಪ್ರೋಗ್ರಾಂ ಅನ್ನೇ ಮತ್ತೆ ಓಡಿಸಿದರು. “ಮನೆಗೆ ಬೆಂಕಿ ಬಿದ್ದಾಗ ಕಡ್ಡಿ ಗೀರಿದ್ದು ಯಾರು ಅಂತ ಕೇಳ್ತಾ ನಿಲ್ಲೋಕಾಗುತ್ತಾ? ಮೊದಲು ನೀರು ಹಾಕ್ಬೇಕು.”

ಬದಲಾವಣೆ ಮಾಡಿದ್ದು ಹೊಸದಾಗಿ ಸೇರಿದ್ದ ಸಹೋದ್ಯೋಗಿ, ಅವಳಿ ಮಕ್ಕಳ ತಾಯಿ. ಅತ್ತು ಅತ್ತು ಮುಖ ಊದಿಕೊಂಡು, ಕೆಲಸ ಬಿಡುತ್ತೇನೆಂದು ಬಂದು ನಿಂತರು. ದಾರಿಯಮ್ಮ ಕುರ್ಚಿ ಎಳೆದು ಕೂರಿಸಿದರು. ಪರದೆ ನೋಡದೆ, ಏನೂ ಗೊತ್ತಿಲ್ಲದವರಿಗೆ ಹೇಳುವಂತೆ, ಏನೇನು ಬದಲಾಯಿಸಿದೆ ಎಂದು ಮೊದಲಿನಿಂದ ಹೇಳು ಎಂದರು. ಆಕೆ ಹೇಳುತ್ತ ಹೇಳುತ್ತ ನಡುವೆಯೇ ಮಾತು ನಿಲ್ಲಿಸಿಬಿಟ್ಟರು. “ಬಡಾವಣೆ ಯಾವುದು ಅಂತ ನೋಡೋ ಸಾಲನ್ನ ನಾನೇ ಅಳಿಸಿದ್ದೀನಿ.” ಒಂದೇ ಸಂಜೆ ನಾಲ್ಕಾರು ಕಡೆ ಕೈ ಹಾಕಿದ್ದರಿಂದ ಅದು ಕಣ್ಣು ತಪ್ಪಿತ್ತು.

ಆಕೆ ಕೆಲಸ ಬಿಡಲಿಲ್ಲ. ಈಗ ಇಬ್ಬರೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತಾರೆ. ಒಂದೇ ಹೆಸರಿನ ಬೀದಿಗಳನ್ನೆಲ್ಲ ಪ್ರೋಗ್ರಾಂಗೆ ಕೊಟ್ಟು ಪರೀಕ್ಷಿಸುತ್ತಾರೆ. ಮನೆಗೆ ಹೊರಡುವ ಹೊತ್ತಿಗೆ ಹೊಸದೇನನ್ನೂ ಚಾಲೂ ಮಾಡುವುದಿಲ್ಲ. “ಉಪ್ಪು, ಹುಳಿ, ಖಾರ ಎಲ್ಲಾ ಒಟ್ಟಿಗೆ ಸುರಿದ್ರೆ, ಕೆಡಿಸಿದ್ದು ಯಾವುದು ಅಂತ ನಾಲಿಗೆ ಹೇಗೆ ಹೇಳುತ್ತೆ?” ಎನ್ನುತ್ತಾರೆ ದಾರಿಯಮ್ಮ.

ಬಾಯಿಬಿಟ್ಟು ಹೇಳುತ್ತ ತೊಡಕು ಬಿಡಿಸುವ ಈ ಪಾಠ ದಾರಿಯಮ್ಮನಿಗೆ ಸಿಕ್ಕಿದ್ದು ಅಕ್ಕನಿಂದ. ಅಕ್ಕ ದರ್ಜಿ, ಕಂಪ್ಯೂಟರ್ ಮುಟ್ಟಿದವರಲ್ಲ. ಇಬ್ಬರೂ ಒಂದೇ ಮನೆಯಲ್ಲಿದ್ದರು. ಸಂಜೆ ತಂಗಿ ಕಚೇರಿಯ ಗೋಳು ಬಿಚ್ಚಿದರೆ, ಅಕ್ಕ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡು ‘ಆಮೇಲೆ?’ ಎನ್ನುತ್ತಿದ್ದರು. ಅಷ್ಟೇ. ಎರಡು ಮೂರು ‘ಆಮೇಲೆ’ ಆಗುವಷ್ಟರಲ್ಲಿ ಗಂಟು ಸಡಿಲವಾಗುತ್ತಿತ್ತು.

ಮೊಮ್ಮಗು ನೋಡಿಕೊಳ್ಳಲು ಅಕ್ಕ ಮಗಳ ಜೊತೆ ಬೇರೆ ದೇಶ ಸೇರಿ ವರ್ಷಗಳಾದವು. ಇಲ್ಲಿ ಬಿಡುವಾದಾಗ ಅಲ್ಲಿ ನಿದ್ದೆ. ಫೋನ್ ಸಿಕ್ಕರೂ ‘ಚೆನ್ನಾಗಿದ್ದೀಯಾ’ ಅನ್ನುವಷ್ಟರಲ್ಲಿ ಮಗು ಎದ್ದಿರುತ್ತದೆ. ಹೊಲಿಯಲು ಬಾರದ ತಂಗಿ ರಜೆಯ ದಿನ ಅಕ್ಕನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಸುಮ್ಮನೆ ಚಕ್ರ ತಿರುಗಿಸಿ ಆ ಸದ್ದು ಕೇಳುತ್ತಾರೆ.

ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ, ಕನ್ನಡಕ ಒರೆಸಿ ಮತ್ತೆ ಹಾಕಿಕೊಳ್ಳುತ್ತಾರೆ.

“ಒಂದು ತಿಂಗಳು ರಜೆ ಹಾಕಿ ಅಕ್ಕನ ಹತ್ರ ಹೋಗ್ಬೇಕು. ಇಷ್ಟು ವರ್ಷ ನಾನು ಹೇಳಿದ್ದೇ ಆಯ್ತು. ಈಗ ಅವಳು ಹೇಳ್ಲಿ, ನಾನು ಪಕ್ಕದಲ್ಲಿ ಕೂತು ಕೇಳ್ತೀನಿ.”