ಹದಿನೇಳನೆಯ ಹೊಂಗೆ

ಆ ಹೊಂಗೆಯ ಮುಂದೆ ನಾನು ನಿಂತದ್ದು ನಡುಬೇಸಿಗೆಯಲ್ಲೆಂದು ನೆನಪು ಸಾಧಿಸುತ್ತದೆ. ದಿನಚರಿ ತೆರೆದರೆ, ಯುಗಾದಿ ಕಳೆದ ಮೂರನೆಯ ದಿನ. ದಿನಚರಿಯನ್ನೇ ನಂಬುತ್ತೇನೆ, ನೆನಪಿಗೆ ಯಾವಾಗಲೂ ತನ್ನ ಮರ್ಯಾದೆಯ ಚಿಂತೆ.

ನಾನಾಗ ಕೇಂದ್ರ ಸರ್ಕಾರದ ಸಂಶೋಧನಾಲಯವೊಂದರಿಂದ ನಿವೃತ್ತನಾಗಿ ಲಿಂಗಂಪಲ್ಲಿಯಲ್ಲಿ ನೆಲೆಸಿದ್ದೆ. ಸುತ್ತಲಿನ ಬಂಡೆಗಳನ್ನು ಸಿಡಿಸಿ ಗಾಜಿನ ಕಚೇರಿಗಳನ್ನು ಕಟ್ಟುತ್ತಿದ್ದ ಕಾಲ. ಅಂಥದೊಂದು ಸಾಫ್ಟ್‌ವೇರ್ ಕಂಪನಿ, ತಾನು ಕಡಿದ ಮರಗಳಿಗೆ ಬದಲಾಗಿ ಹೊಂಗೆ ಸಸಿಗಳನ್ನು ನೆಟ್ಟು, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಆರೈಕೆಯನ್ನು ಕಂಪ್ಯೂಟರಿನಲ್ಲಿ ದಾಖಲಿಸುತ್ತಿತ್ತು. ಆ ವ್ಯವಸ್ಥೆಯನ್ನು ರಚಿಸಿದವನು ಮೈಸೂರಿನ ಒಬ್ಬ ಇಂಜಿನಿಯರ್. ಪರಿಸರ ಪ್ರಶಸ್ತಿಗೆ ಕಳಿಸುವ ಮುನ್ನ ದಾಖಲೆಗಳನ್ನು ಪರಿಶೀಲಿಸಿಕೊಡಲು ಅವನೇ ನನ್ನನ್ನು ಕರೆದ.

ದಾಖಲಿಸುತ್ತಿದ್ದವನು ಮಾತ್ರ ಮಾಲಿ; ರಾಯಚೂರು ಕಡೆಯ, ನನ್ನದೇ ವಯಸ್ಸಿನ ಮನುಷ್ಯ. ಸಂಜೆ ನೀರುಣಿಸಿ ಬಂದು, ಗೇಟಿನ ಕೋಣೆಯ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆಯ ಮುಂದೆಯೂ ‘ನೀರು ಕೊಟ್ಟಿದೆ’ ಎಂದು ಒತ್ತಬೇಕು. ಎಲ್ಲಕ್ಕೂ ಒತ್ತದೆ ದಿನದ ಪುಟ ಮುಚ್ಚುತ್ತಿರಲಿಲ್ಲ. ಪುಟ ಮುಚ್ಚದಿದ್ದರೆ ಅವನ ಹಾಜರಿ ಬೀಳುತ್ತಿರಲಿಲ್ಲ.

ನಾನು ನನ್ನ ಕೆಲಸ ಮಾಡಿದೆ. ಕೊಳವೆಬಾವಿಯ ಮೋಟಾರು ಸುಟ್ಟ ದಿನಗಳನ್ನು ದುರಸ್ತಿ ಪುಸ್ತಕದಿಂದಲೂ ಟ್ಯಾಂಕರ್ ಬಾರದ ದಿನಗಳನ್ನು ಗೇಟಿನ ಪುಸ್ತಕದಿಂದಲೂ ತೆಗೆದು ದಾಖಲೆಯ ಎದುರಿಗಿಟ್ಟೆ. ಹನಿ ನೀರಿಲ್ಲದ ದಿನಗಳಲ್ಲೂ ಎಲ್ಲ ಸಸಿಗಳು ನೀರು ಕುಡಿದಿದ್ದವು. ಹದಿನೇಳನೆಯ ಹೊಂಗೆಯಂತೂ ಒಣಕಡ್ಡಿ. ಹಿಂದಿನ ಸಂಜೆಯೂ ಅದಕ್ಕೆ ನೀರು.

ಮಾಲಿಯನ್ನು ಅದರ ಮುಂದೆ ನಿಲ್ಲಿಸಿ ಕೇಳಿದೆ: “ಇದು ಸತ್ತು ಎಷ್ಟು ದಿನವಾಯಿತು?”

“ಶಿವರಾತ್ರಿ ಮುಂಚೇನ ಹೋತ್ರಿ ಸಾಹೇಬ್ರ.”

“ಮತ್ತೆ ದಿನಾ ನೀರು ಕೊಟ್ಟಿದ್ದೀಯಲ್ಲ?”

“ಸತ್ತೈತಿ ಅಂತ ಒತ್ತಾಕ ಅದರಾಗ ಜಾಗಾನ ಇಲ್ರಿ. ಒತ್ತಲಿಲ್ಲಂದ್ರ ನಾನೂ ಬಂದಿಲ್ಲ ಅಂತ ತೋರಸ್ತೈತಿ. ಆ ಡಬ್ಬಿಯೊಳಗ ಗಿಡಾನೂ ಬದುಕಿರಬೇಕು, ನಾನೂ ಬದುಕಿರಬೇಕು.” ನಕ್ಕ. ಮರುಕ್ಷಣ ದನಿ ತಗ್ಗಿಸಿದ. “ಇದನ್ನ ಬರೀಬ್ಯಾಡ್ರಿ ಮತ್ತ. ಈ ವಯಸ್ಸಿನ್ಯಾಗ ನನಗ ಬ್ಯಾರೆ ಕೆಲಸ ಯಾರ್ ಕೊಡ್ತಾರ?”

ಬರೆಯದಿರುವುದು ನನ್ನ ಅಭ್ಯಾಸವಲ್ಲ.

ಸತ್ತ ಸಸಿಗೇಕೆ ಜಾಗವಿಲ್ಲವೆಂದು ಇಂಜಿನಿಯರನನ್ನು ಕೇಳಿದೆ. “ಅದೊಂದು ಕೊಟ್ಬಿಟ್ರೆ ಈ ಜನ ದಿನಾ ಅದನ್ನೇ ಒತ್ತಿ ಮನೆಗೆ ಹೋಗ್ತಾರೆ ಸರ್. ನಿಮಗೆ ಗೊತ್ತಿಲ್ದೇ ಇರೋದಾ?” ಎಂದ. ಗೊತ್ತಿದ್ದವನಂತೆ ತಲೆಯಾಡಿಸಿದೆ. ವರದಿಯಲ್ಲಿ ಸುಳ್ಳು ನಮೂದುಗಳನ್ನು ದಿನವಾರು ಪಟ್ಟಿ ಮಾಡಿದೆ, ಒಂದೂ ತಪ್ಪಿಲ್ಲ. ಮಾಲಿ ಹೇಳಿದ್ದನ್ನು ಸೇರಿಸಲಿಲ್ಲ. ಬಾಯಿಮಾತಿಗೆ ತಾರೀಖಿರುವುದಿಲ್ಲ.

ಮರುವಾರ ಮಾಲಿಯನ್ನು ತೆಗೆದುಹಾಕಿದರು. ತನ್ನ ತಪ್ಪನ್ನು ತಾನೇ ಹಿಡಿಯಬಲ್ಲ ವ್ಯವಸ್ಥೆಯೆಂದು ಹೊಗಳಿಸಿಕೊಂಡು ಕಂಪನಿ ಪ್ರಶಸ್ತಿ ಪಡೆಯಿತು. ಕಂಪನಿಯ ಆವರಣದಲ್ಲೇ ನಡೆದ ಸಮಾರಂಭದಲ್ಲಿ ನನಗೂ ಶಾಲು ಹೊದಿಸಿದರು. ಹೊರಬರುವಾಗ ಗೇಟಿನ ಕೋಣೆಯ ಪರದೆ ನೋಡಿದೆ. ಹದಿನೇಳಕ್ಕೆ ಅಂದೂ ನೀರು ಕೊಡಲಾಗಿತ್ತು. ಈಗ ಒತ್ತುತ್ತಿದ್ದವನು ಕಾವಲುಗಾರ.

ಮಳೆಗಾಲದಲ್ಲಿ ಮೆಹದಿಪಟ್ಟಣಂ ಬಸ್ ನಿಲ್ದಾಣದಲ್ಲಿ ಮಾಲಿ ಸಿಕ್ಕ. ಕಟ್ಟಡವೊಂದರಲ್ಲಿ ಜಲ್ಲಿ ಹೊರುತ್ತಿದ್ದನಂತೆ. ಒಂದು ಭುಜ ಕೆಳಗಿಳಿದಿತ್ತು. ಮುಖ ತಿರುಗಿಸುವನೆಂದುಕೊಂಡೆ. ಕೈಮುಗಿದ.

“ತಾರೀಖೆಲ್ಲಾ ಬರಾಬರ್ ಇದ್ವೇನ್ರಿ ಸಾಹೇಬ್ರ?”

“ಇದ್ದವು.”

“ಹಂಗಾರ ಆತು ಬಿಡ್ರಿ. ಅದೊಂದಾರ ಖರೇ ಇತ್ತಲ್ಲ.”

ಬಸ್ಸು ಬಂತು, ಹತ್ತಿ ಹೋದ. ಆ ಭೇಟಿಯ ದಿನ ಯಾವುದೆಂದು ದಿನಚರಿಯಲ್ಲಿ ಎರಡು ಸಲ ಹುಡುಕಿದ್ದೇನೆ. ಬರೆದುಕೊಂಡಿಲ್ಲ.