ನಿಂಬೆಹಣ್ಣಿನ ದಾರ ಮತ್ತು ನಮ್ಮ ಗೋಡೆ

ನಮ್ಮ ಮನೆ ಪಕ್ಕದ ಬಟ್ಟೆ ಅಂಗಡಿಯವನನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಮುಚ್ಚಿಡುವುದೇನಿದೆ?

ಡಿಜಿಟಲ್ ಕ್ಯಾಮೆರಾ ಗಜೇಂದ್ರಗಡಕ್ಕೆ ಹೊಸದಾಗಿ ಬಂದಿದ್ದ ಕಾಲ. ನಾನು ಬಸ್‌ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂತು ಫೋಟೋ ತಿದ್ದುತ್ತಿದ್ದೆ. ಅಪ್ಪ ಮನೆಯಲ್ಲಿ ಸೀರೆ ನೇಯುತ್ತಿದ್ದರು. ಮಗ್ಗ ಇದ್ದದ್ದು ಅಂಗಡಿ ಕಡೆಯ ಮಣ್ಣಿನ ಗೋಡೆಗೆ ಒತ್ತಿಕೊಂಡು. ಗೋಡೆ ಹೋದರೆ ಮಗ್ಗವೂ ಹೋದಂತೆ. ಅವನಿಗೆ ಬೇಕಿದ್ದದ್ದೂ ಅದೇ. ನಾವು ಜಾಗ ಬಿಟ್ಟರೆ ಅಂಗಡಿ ಅಗಲ ಮಾಡಬಹುದು.

ಒಂದು ದಿನ ಓಣಿಯ ಹಿರಿಯರನ್ನು ತನ್ನ ಕಟ್ಟೆಯ ಮೇಲೆ ಕೂರಿಸಿ ದೊಡ್ಡದೊಂದು ಫೋಟೋ ಹರವಿದ. ಅದರಲ್ಲಿ ನಮ್ಮ ಗೋಡೆ ಅವನ ಅಂಗಡಿ ಮೇಲೆ ವಾಲಿತ್ತು.

"ನೋಡ್ರಿ, ಯಾವಾಗ ಬೀಳತೈತೋ ಗೊತ್ತಿಲ್ಲ. ಗಿರಾಕಿ ಸತ್ತರ ಯಾರು ಹೊಣಿ? ಲಗೂ ಕೆಡವಸ್ರಿ."

ಗೋಡೆ ಪಕ್ಕದಲ್ಲೇ ನಿಂತಿತ್ತು. ಒಬ್ಬರೂ ಕತ್ತು ತಿರುಗಿಸಲಿಲ್ಲ. ಎಲ್ಲರ ಕಣ್ಣೂ ಫೋಟೋ ಮೇಲೆ!

ನನಗೆ ನೋಡಿದ ತಕ್ಷಣ ಗೊತ್ತಾಯಿತು. ಇಕ್ಕಟ್ಟಿನ ಓಣಿಯಲ್ಲಿ ಹಿಂದೆ ಸರಿಯಲು ಜಾಗವಿಲ್ಲದೆ ಕ್ಯಾಮೆರಾದ ಮೂತಿ ಮೇಲೆತ್ತಿದರೆ, ನೆಟ್ಟಗಿದ್ದದ್ದೆಲ್ಲ ಮೇಲೆ ಹೋದಂತೆ ಒಳಕ್ಕೆ ಬಾಗಿದ ಹಾಗೆ ಫೋಟೋದಲ್ಲಿ ಕಾಣುತ್ತದೆ. ದಿನಾ ನಾನು ತಿದ್ದುತ್ತಿದ್ದದ್ದೇ ಅದನ್ನು. ಪ್ರಿಂಟ್ ಹಾಕಿಸಿದ್ದು ನಮ್ಮ ಸ್ಟುಡಿಯೋದಲ್ಲೇ, ಫೈಲ್ ಅಲ್ಲೇ ಇತ್ತು. ಓಡಿಹೋಗಿ ನೆಟ್ಟಗೆ ಮಾಡಿ ಇನ್ನೊಂದು ಪ್ರಿಂಟ್ ತಂದು ಪಕ್ಕಕ್ಕಿಟ್ಟೆ.

"ಕಂಪ್ಯೂಟರಿನ್ಯಾಗ ಕತ್ತೆನೂ ಕುದರಿ ಮಾಡ್ತಾರ್ರಿ ಇವರು," ಎಂದ ಅಂಗಡಿಯವನು. ಹಿರಿಯರೂ ತಲೆಯಾಡಿಸಿದರು. ನನ್ನ ಮೈಯೆಲ್ಲ ಉರಿಯಿತು.

"ಹಂಗಾರ ನಂದು ಬ್ಯಾಡ, ಇವರ ಫೋಟೋನ ನೋಡ್ರಿ," ಎಂದೆ. ದೃಷ್ಟಿ ತಾಗದಿರಲೆಂದು ಅವನೇ ಅಂಗಡಿ ಮೂಲೆಗೆ ಇಳಿಬಿಟ್ಟಿದ್ದ ನಿಂಬೆಹಣ್ಣು, ಮೆಣಸಿನಕಾಯಿಯ ದಾರದ ಮೇಲೆ ಬೆರಳಿಟ್ಟೆ. ಫೋಟೋದಲ್ಲಿ ಅದೂ ನಮ್ಮ ಗೋಡೆಯಂತೆಯೇ ವಾಲಿತ್ತು. "ಜೋತುಬಿದ್ದ ದಾರ ಸೊಟ್ಟ ನಿಲ್ಲತೈತೇನ್ರಿ?"

"ಅವತ್ತ ಗಾಳಿ ಬಿಟ್ಟಿತ್ತು!"

ಮಗ್ಗದಿಂದ ಎದ್ದು ಬಂದಿದ್ದ ಅಪ್ಪ ಆಗ ಫೋಟೋದ ಇನ್ನೊಂದು ಅಂಚಿಗೆ ಬೆರಳಿಟ್ಟರು; ಅಲ್ಲಿ ಅಂಗಡಿಯ ಆಚೆ ಬದಿಯ ಗೋಡೆಯೂ ಒಳಕ್ಕೆ ವಾಲಿತ್ತು. "ಗಾಳಿಗೆ ನಿನ್ನ ಆ ಕಡಿ ಗೋಡಿನೂ ವಾಲೇತೇನೋ? ಮೊದಲ ಅದನ್ನ ಕೆಡವು."

ಕಟ್ಟೆ ತುಂಬ ನಗು. ಆಗ ಎದ್ದರು ಹಿರಿಯರು, ನಿಜವಾದ ಗೋಡೆ ನೋಡಲಿಕ್ಕೆ.

"ನೆಟ್ಟಗ ಐತಲ್ಲೋ ಯಪ್ಪಾ! ಸುಮ್ಮನ ನಮ್ಮ ಹೊತ್ತ್ಯಾಕ ಹಾಳ ಮಾಡಿದಿ?" ಎಂದು ಅವನಿಗೇ ಬೈದು ಹೋದರು.

ಮರುದಿನ ಬೆಳಿಗ್ಗೆ ಅವನು ಆ ದಾರ ಕಿತ್ತು, ನಿಂಬೆಹಣ್ಣನ್ನು ಬಾಗಿಲ ಚೌಕಟ್ಟಿಗೇ ಮೊಳೆ ಹೊಡೆದು ಕೂರಿಸಿದ. ನಮಗೆ ಕೇಳಲೆಂದೇ ಜೋರಾಗಿ ಬಡಿದ. ಒಳಗೆ ಅಪ್ಪನ ಮಗ್ಗ ಒಮ್ಮೆಯೂ ನಿಲ್ಲಲಿಲ್ಲ.