ಜಿಂಕೆಗೆ ಒಯ್ದ ನೀರು

ಜಿಂಕೆ ನನ್ನನ್ನೇ ನೋಡಿತು ಎಂಬುದು, ಮನೆಯಿರುವ ಹೋಬೋಕನ್‌ಗೆ ಮರಳುವ ದಾರಿಯ ಈ ಕಾಫಿ-ತಿಂಡಿಯ ಡೈನರ್‌ನಲ್ಲಿ ಕೂತು ನಾನು ಸೇರಿಸುತ್ತಿರುವ ಮಾತಿರಬಹುದು. ನಾನು ಓಡಿದ್ದು ಮಾತ್ರ ನಿಜ.

ಎರಡು ಸಾವಿರದ ಇಸವಿಗೆಂದು ಕಂಪ್ಯೂಟರಿನ ವೈಟುಕೆ ಕೋಡ್ ತಿದ್ದಿ ಬೇಸತ್ತಿದ್ದ ನನ್ನನ್ನು ಅಲ್ಲೇ ಹತ್ತಿರದ ಜೆರಿಕೋ ಊರಿನ ಡಾಕ್ಟರ್ ಪಾಟೀಲರು ನ್ಯೂಯಾರ್ಕ್‌ನ ಉತ್ತರದ ಕಾಡಿಗೆ ಬೇಟೆ ನೋಡಲು ಕರೆದೊಯ್ದಿದ್ದರು. ಅವರದು ರಿವಾಲ್ವರ್, ಹಳೆಯ ಕಾಲದ ಪಾಯಿಂಟ್ ನಲವತ್ತೈದು ಅಳತೆಯ ಕಾಡತೂಸು, ಬೆರಳಿನಷ್ಟು ದಪ್ಪ. "ಹಂದಿನೂ ಇದಕ್ಕ ಬೀಳತಾವ್ರೀ," ಎಂದಿದ್ದರು. ಅವರ ಗುಂಡು ತಾಗಿದ ಜಿಂಕೆ ಸ್ವಲ್ಪ ದೂರ ಓಡಿ ಪೊದೆಯ ಪಕ್ಕ ಮಲಗಿತು. "ಅರ್ಧ ತಾಸು ಅಲುಗಾಡಬ್ಯಾಡ್ರಿ," ಎಂದರು ಡಾಕ್ಟರು, "ಅಲ್ಲೇ ಜೀವ ಬಿಡತೈತಿ."

ಸಾಯುವ ಜೀವದ ಬಾಯಿಗೆ ನೀರು ಬಿಡದೆ ಕೂತು ನೋಡುವುದು ನಮ್ಮ ಮನೆಯಲ್ಲಿಲ್ಲ. ಬಾಟಲಿ ಹಿಡಿದು ಓಡಿದೆ. ಜಿಂಕೆ ಬೆದರಿ ಎದ್ದು ಮರೆಯಾಯಿತು. ಮಧ್ಯಾಹ್ನವಿಡೀ ನೆತ್ತರಿನ ಹನಿಗಳ ಹಿಂದೆ ನಡೆದೆವು. ತೊರೆಯ ದಡದಲ್ಲಿ ಅವೂ ನಿಂತವು.

"ನೀರು ಕುಡಸಾಕ ಹೋದ್ರೇನ್ರೀ, ಪುಣ್ಯವಂತರ? ಮಲಗಿದಲ್ಲೇ ಸುಮ್ಮನ ಹೋಗತಿತ್ತು," ಎಂದರು ಡಾಕ್ಟರು. ಈಗ ಇಲ್ಲಿ ಎದುರಿಗಿನ ಕಾಫಿಯನ್ನು ಅವರು ಮುಟ್ಟಿಲ್ಲ.

ಬಾಟಲಿ ಮೇಜಿನ ಮೇಲಿದೆ, ತುಂಬಿಯೇ ಇದೆ. ಜಿಂಕೆ ಸತ್ತಿತೋ, ಇನ್ನೂ ಎಲ್ಲೋ ಬಾಯಾರಿ ಬಿದ್ದಿದೆಯೋ, ನನಗೆ ಗೊತ್ತಿಲ್ಲ.